ದಾನಿಗಳ ಪಟ್ಟಿ ನಮ್ಮದು, ಆದರೆ ಸಾಫ್ಟ್‌ವೇರ್‌ನಿಂದ ಹೊರಗೆ ತರಲು ಆಗುತ್ತಿಲ್ಲ. ಏನು ಮಾಡಲಿ?

ಕಣದ ಕಾವಲು · ಮೇ 6, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರದ ಒಂದು ಸಣ್ಣ ಟ್ರಸ್ಟ್‌ನ ಲೆಕ್ಕ ನೋಡಿಕೊಳ್ಳುತ್ತೇನೆ. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳಿಗೆ ಸಂಜೆ ಪಾಠ, ಪುಸ್ತಕ, ಮಳೆಗಾಲಕ್ಕೆ ಕೊಡೆ. ಇಷ್ಟೇ ನಮ್ಮ ಕೆಲಸ. ಸಂಬಳಕ್ಕೆ ಇರುವುದು ಇಬ್ಬರು ಟೀಚರ್ ಮಾತ್ರ.

ಮೂರು ವರ್ಷದ ಹಿಂದೆ ದೇಣಿಗೆ ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಹಾಕಿಸಿದೆವು. ಕಂಪನಿಯ ಹೆಸರು ಬೇಡ. ಮೊದಲ ವರ್ಷ ಕಡಿಮೆ ದುಡ್ಡು. ಈ ವರ್ಷ ಎರಡರಷ್ಟಕ್ಕಿಂತ ಜಾಸ್ತಿ ಕೇಳುತ್ತಿದ್ದಾರೆ. ಆ ದುಡ್ಡಿನಲ್ಲಿ ಒಬ್ಬ ಟೀಚರ್‌ಗೆ ಎರಡು ತಿಂಗಳ ಸಂಬಳ ಕೊಡಬಹುದು. ಬಿಟ್ಟುಬಿಡೋಣ ಅಂತ ತೀರ್ಮಾನ ಮಾಡಿದೆವು.

ಈಗ ತೊಂದರೆ ಏನೆಂದರೆ, ನಮ್ಮ ಪಟ್ಟಿ ಹೊರಗೆ ಬರುತ್ತಿಲ್ಲ. ಎಕ್ಸ್‌ಪೋರ್ಟ್ ಒತ್ತಿದರೆ ಪಿಡಿಎಫ್ ಬರುತ್ತದೆ. ಒಬ್ಬ ದಾನಿಗೆ ಒಂದು ಪುಟ, ಒಟ್ಟು 412 ಪುಟ. ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಸಾದಾ ಪಟ್ಟಿ) ಬೇಕಾದರೆ ಮೇಲಿನ ಪ್ಲಾನ್ ತೆಗೆದುಕೊಳ್ಳಬೇಕಂತೆ. ಎಪಿಐ, ಅಂದರೆ ಬೇರೆ ಪ್ರೋಗ್ರಾಂ ನೇರವಾಗಿ ಮಾಹಿತಿ ತೆಗೆಯುವ ದಾರಿ, ಅದಕ್ಕೂ ಮೇಲಿನ ಪ್ಲಾನ್‌ನಲ್ಲಿದೆ. ಖಾತೆ ಮೇ 20ಕ್ಕೆ ಮುಗಿಯುತ್ತದೆ. 10ಬಿಡಿ (ಬಂದ ದೇಣಿಗೆಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಕೊಡುವ ಫಾರಂ) ಕೊಡಲು ಮೇ 31 ಕಡೆಯ ದಿನ.

ಇನ್ನೊಂದು ವಿಷಯ. ಇಷ್ಟು ವರ್ಷ ಒಂದೊಂದು ದೇಣಿಗೆಯನ್ನೂ ಮೂರು ಸಲ ಟೈಪ್ ಮಾಡಿದ್ದೇನೆ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಇದರಲ್ಲಿ ಒಮ್ಮೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಒಮ್ಮೆ, ರಸೀದಿ ಪುಸ್ತಕದಲ್ಲಿ ಒಮ್ಮೆ. ಹೊಸದು ಹಾಕಿಸುವಾಗ ಇದೇ ಪಾಡು ಬೇಡ. ಗೊತ್ತಿದ್ದವರು ದಯವಿಟ್ಟು ಹೇಳಿ.

ಗೋಣಿಕೊಪ್ಪದ ಗೆಳೆಯ · ಮೇ 6, ರಾತ್ರಿ 10:58

412 ಜನ ತಾನೇ? ಇಬ್ಬರು ಕೂತರೆ ಎರಡು ದಿನದಲ್ಲಿ ಟೈಪ್ ಮಾಡಿ ಮುಗಿಸಬಹುದು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಸಾಲುಮನೆ ಟೆಕ್ಕಿ · ಮೇ 6, ರಾತ್ರಿ 11:15

ಟೈಪ್ ಮಾಡಬೇಡಿ, ಖಂಡಿತ ಬೇಡ. ಪ್ಯಾನ್‌ನಲ್ಲಿ ಹತ್ತು ಅಕ್ಷರ, ಆಧಾರ್‌ನಲ್ಲಿ ಹನ್ನೆರಡು ಅಂಕಿ. 412 ಸಲ ಟೈಪ್ ಮಾಡಿದರೆ ಎಲ್ಲೋ ಒಂದು ಕಡೆ ಬಿ ಹೋಗಿ 8 ಆಗೇ ಆಗುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಪಿಡಿಎಫ್ ತೆರೆದು ಒಂದು ಹೆಸರಿನ ಮೇಲೆ ಮೌಸ್ ಎಳೆಯಿರಿ. ಅಕ್ಷರ ಸೆಲೆಕ್ಟ್ ಆದರೆ ಒಳಗೆ ಪಠ್ಯ ಇದೆ ಎಂದರ್ಥ. ಹಾಗಿದ್ದರೆ ಪಿಡಿಎಫ್‌ಟುಟೆಕ್ಸ್ಟ್ ಎಂಬ ಉಚಿತ ಉಪಕರಣ ಸಾಕು. ಎಲ್ಲ ಪುಟವೂ ಒಂದೇ ನಮೂನೆಯಲ್ಲಿದೆ ಅಲ್ವಾ, ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಬರೆದು ಕಾಲಂ ಮಾಡಿಬಿಡಬಹುದು. ಟೇಬಲ್ ಇದ್ದರೆ ಟ್ಯಾಬುಲಾ ಅಂತ ಇನ್ನೊಂದಿದೆ, ಅದೂ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್). ಸ್ಕ್ಯಾನ್ ಮಾಡಿದ ಚಿತ್ರವಾದರೆ ಮಾತ್ರ ಕಷ್ಟ.

ಕಣದ ಕಾವಲು · ಮೇ 7, ಬೆಳಗ್ಗೆ 6:30

ಸೆಲೆಕ್ಟ್ ಆಗುತ್ತದೆ. ಆದರೆ ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಸರಿ ಇದೆ, ಕನ್ನಡ ಚೆಲ್ಲಾಪಿಲ್ಲಿ. ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. "ಬೊಳ್ಳಮ್ಮ" ಅಂತ ಇರುವ ಕಡೆ "ಬ", "ೊ", ಆಮೇಲೆ ಒಂದು ಚೌಕ. ದಾನಿಗಳಿಗೆ ಪತ್ರ ಹೋಗುವುದು ಕನ್ನಡದಲ್ಲಿ. ಅಜ್ಜಿಯರ ಹೆಸರನ್ನು ಹೀಗೆ ಕಳಿಸಲು ಆಗುವುದಿಲ್ಲ.

ಹಳೆ ಡಿಟಿಪಿ · ಮೇ 7, ಬೆಳಗ್ಗೆ 7:10

ಪಿಡಿಎಫ್‌ನಿಂದ ಕನ್ನಡ ಎಳೆದರೆ ಹೀಗೇ ಆಗುತ್ತದೆ. ಪಿಡಿಎಫ್‌ಗೆ ಬೇಕಿರುವುದು ಅಕ್ಷರದ ಆಕಾರ. ಅದು ಯಾವ ಅಕ್ಷರ ಎಂಬುದು ಅದಕ್ಕೆ ಮುಖ್ಯವಲ್ಲ.

ಮಡಿಕೇರಿಯಲ್ಲಿ ಹದಿನೈದು ವರ್ಷ ಡಿಟಿಪಿ ಮಾಡಿದವನು ನಾನು. ಹಳೆ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಸಂಘ ಸಂಸ್ಥೆಗಳ ಸದಸ್ಯರ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ಬದಲಿಸುವ ಪರಿವರ್ತಕ ಇದ್ದದ್ದರಿಂದ ಅವು ಉಳಿದವು. ಒಂದು ಸಂಘದ 1,100 ಹೆಸರು ಬದಲಿಸಿದಾಗ ಅರ್ಕಾವತ್ತು ಇರುವ ಕಡೆಯೆಲ್ಲ ಕೈಯಿಂದ ತಿದ್ದಬೇಕಾಯಿತು. ಆಗಿನಿಂದ ಯಾರು ಯಾವ ಸಾಫ್ಟ್‌ವೇರ್ ತೋರಿಸಿದರೂ ನಾನು ಒಂದೇ ಕೇಳುವುದು. ನನ್ನ ಊರಿನವರ ಹೆಸರು ಯೂನಿಕೋಡ್‌ನಲ್ಲಿ ಒಳಗೆ ಹೋಗಿ ಯೂನಿಕೋಡ್‌ನಲ್ಲೇ ಹೊರಗೆ ಬರುತ್ತದೆಯಾ?

ತೆರಿಗೆ ಅಕ್ಕ · ಮೇ 7, ಮಧ್ಯಾಹ್ನ 1:20

ನಾನು ಸಿಎ. ಮೇ ತಿಂಗಳು ಪೂರ್ತಿ ಇದೇ ಕೆಲಸ. ಎರಡು ಕೆಲಸ ಬೇರೆ ಬೇರೆ ಮಾಡಿಕೊಳ್ಳಿ. 10ಬಿಡಿಗೆ ಕನ್ನಡ ಹೆಸರು ಬೇಡ, ಇಂಗ್ಲಿಷ್ ಸಾಕು. ಹಾಗಾಗಿ ಮೊದಲು ಅದನ್ನು ಮುಗಿಸಿ. ಪತ್ರದ ಕನ್ನಡ ಹೆಸರು ಆಮೇಲೆ ನಿಧಾನಕ್ಕೆ.

10ಬಿಡಿಗೆ ಪೋರ್ಟಲ್‌ನಲ್ಲಿ ಒಂದು ಸಿಎಸ್‌ವಿ ನಮೂನೆ ಇದೆ. ದಾನಿಯ ಹೆಸರು, ವಿಳಾಸ, ಗುರುತಿನ ಸಂಖ್ಯೆ, ಅದು ಯಾವ ಗುರುತು ಎಂಬ ಕೋಡ್, ನಿಮ್ಮ ನೋಂದಣಿ ಸಂಖ್ಯೆ, ದೇಣಿಗೆಯ ಬಗೆ, ಬಂದ ದಾರಿ, ಮೊತ್ತ. ಪ್ಯಾನ್ ಆದರೆ ಕೋಡ್ 1, ಆಧಾರ್ ಆದರೆ 2. ಪ್ಯಾನ್ ಇಲ್ಲದ ಅಜ್ಜಂದಿರ ವೋಟರ್ ಐಡಿ, ರೇಷನ್ ಕಾರ್ಡ್ ಕೂಡ ನಡೆಯುತ್ತದೆ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಜೊತೆಗೆ ಬೇರೆ ದಂಡವೂ ಇದೆ. ಇದು ಮುಗಿದ ಮೇಲೆ 10ಬಿಇ ಎಂಬ ದೇಣಿಗೆ ಪ್ರಮಾಣಪತ್ರ ಇಳಿಸಿ ದಾನಿಗೆ ಕೊಡಬೇಕು.

ಒಂದು ಎಚ್ಚರಿಕೆ. ಪ್ರತಿ ಮೇ ತಿಂಗಳೂ ಇದನ್ನು ನೋಡುತ್ತೇನೆ. ಎಕ್ಸೆಲ್‌ನಲ್ಲಿ ಆಧಾರ್ ಸಂಖ್ಯೆ ಹಾಕಿದರೆ ಅದು 2.34568ಇ+11 ಅಂತ ತೋರಿಸುತ್ತದೆ. ಹಾಗೇ ಸಿಎಸ್‌ವಿಗೆ ಸೇವ್ ಮಾಡಿದಿರಿ ಅಂದರೆ ಫೈಲ್‌ಗೆ ಹೋಗುವುದು ಆ ಮೊಟಕಾದ ಸಂಖ್ಯೆ. ಕೊನೆಯ ಅಂಕಿಗಳು ಹೋದವು ಅಂದರೆ ಹೋದವು. ಮೊದಲು ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಆಮೇಲೆ ಅಂಟಿಸಿ.

ಬಾಣೆ ಬದಿ · ಮೇ 7, ಮಧ್ಯಾಹ್ನ 2:05

ಹೊಸ ತೆರಿಗೆ ಪದ್ಧತಿಯಲ್ಲಿ ದೇಣಿಗೆಗೆ ಕೊಡುವ 80ಜಿ ತೆರಿಗೆ ವಿನಾಯಿತಿಯೇ ಸಿಗುವುದಿಲ್ಲ. ನಮ್ಮ ಬೆಳೆಗಾರರ ಆದಾಯ ಬಹುಪಾಲು ಕೃಷಿಯದ್ದು. ಯಾರಿಗೆ ಬೇಕು ಈ ರಸೀದಿ?

ತೆರಿಗೆ ಅಕ್ಕ · ಮೇ 7, ಮಧ್ಯಾಹ್ನ 2:30

ದಾನಿಗೆ ಬೇಡದೇ ಇರಬಹುದು. ಆದರೆ 80ಜಿ ಇರುವ ಟ್ರಸ್ಟ್ 10ಬಿಡಿ ಕೊಡಲೇಬೇಕು. ಮತ್ತೆ ಹಳೆ ಪದ್ಧತಿಯಲ್ಲೇ ಇರುವವರು ಈಗಲೂ ಬಹಳ ಜನ ಇದ್ದಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಊರಿಗೆ ಕಳಿಸಿದ ದುಡ್ಡಿಗೆ ರಸೀದಿ ಕೇಳುತ್ತಾರೆ. ಕಾಫಿ ಮಾರಿದ ದಿನ ನಗದು ಕೊಡುವವರಿಗೂ ಹೇಳಿಬಿಡಿ, 2,000 ರೂಪಾಯಿಗಿಂತ ಜಾಸ್ತಿ ನಗದಾದರೆ 80ಜಿ ಲೆಕ್ಕಕ್ಕೆ ಬರುವುದಿಲ್ಲ. ಚೆಕ್ ಅಥವಾ ಯುಪಿಐ.

ಹಾರಂಗಿ ದಂಡೆ · ಮೇ 7, ಸಂಜೆ 7:45

ವಿಷಯಕ್ಕೆ ಬರೋಣ. ಸಾಫ್ಟ್‌ವೇರ್ ಕೊಳ್ಳುವಾಗಲೇ ತಪ್ಪಿದ್ದು. ಓಪನ್ ಸೋರ್ಸ್ ಹಾಕಿಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ದಾನಿ, ಸದಸ್ಯರ ದಾಖಲೆ ಇಡುವ ಸಿವಿಸಿಆರ್‌ಎಂ 2005ರಿಂದ ಇದೆ. ಸಂಘ ಸಂಸ್ಥೆಗಳಿಗೆಂದೇ ಮಾಡಿದ್ದು. ವೆಬ್‌ಸೈಟ್ ಮಾಡುವ ಡ್ರೂಪಲ್, ವರ್ಡ್‌ಪ್ರೆಸ್, ಜೂಮ್ಲಾ ಯಾವುದರ ಜೊತೆ ಬೇಕಾದರೂ ನಡೆಯುತ್ತದೆ. ಲೈಸೆನ್ಸ್‌ಗೆ ದುಡ್ಡಿಲ್ಲ. ಡೇಟಾಬೇಸ್ ನಿಮ್ಮ ಸರ್ವರ್‌ನಲ್ಲೇ ಇರುತ್ತದೆ, ಯಾರ ಅಪ್ಪಣೆಯೂ ಬೇಡ.

ಗೋಣಿಕೊಪ್ಪದ ಗೆಳೆಯ · ಮೇ 7, ರಾತ್ರಿ 8:02

ಸರ್ವರ್ ಯಾರು ನೋಡಿಕೊಳ್ಳುತ್ತಾರೆ ಸ್ವಾಮಿ? ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟ್ ಇರುವುದಿಲ್ಲ, ಟವರ್ ಸತ್ತಿರುತ್ತದೆ. ಆ ಹೊತ್ತಿಗೆ ಸೆಕ್ಯುರಿಟಿ ಅಪ್‌ಡೇಟ್ ಬಂದರೆ ಈ ಟ್ರಸ್ಟ್‌ನ ಟೀಚರ್ ಕೂತು ಹಾಕುತ್ತಾರಾ?

ನಮ್ಮ ಕ್ಲಬ್‌ಗೆ ಒಬ್ಬ ಹುಡುಗ ಪ್ರೀತಿಯಿಂದ ಓಪನ್ ಸೋರ್ಸ್ ಹಾಕಿಕೊಟ್ಟ. ಆಮೇಲೆ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಪಾಸ್‌ವರ್ಡ್ ಅವನ ಹತ್ತಿರವೇ ಉಳಿಯಿತು. ಎರಡು ವರ್ಷ ನಾವು ಆ ಸೈಟ್ ಮುಟ್ಟಲಿಲ್ಲ. ಕೋಡ್ ಓಪನ್ ಆಗಿತ್ತು, ನಮಗೆ ಮಾತ್ರ ಬಾಗಿಲು ಮುಚ್ಚಿತ್ತು.

ಸಾಲುಮನೆ ಟೆಕ್ಕಿ · ಮೇ 7, ರಾತ್ರಿ 8:40

ಇಬ್ಬರ ಮಾತೂ ನನ್ನ ಅನುಭವಕ್ಕೆ ಬಂದಿದೆ. ಕೋಡ್ ತೆರೆದಿರುವುದು ಬೇರೆ, ಮಾಹಿತಿ ತೆರೆದಿರುವುದು ಬೇರೆ. ಇವೆರಡನ್ನು ಬೆರೆಸಿದರೆ ಚರ್ಚೆ ಮುಗಿಯುವುದಿಲ್ಲ.

ಗ್ರಾಹಕರ ದಾಖಲೆ ಇಡುವ ಸಾಫ್ಟ್‌ವೇರ್ ಮಾಡುವ ಸೇಲ್ಸ್‌ಫೋರ್ಸ್ ಕಂಪನಿ ನೋಡಿ. ಸಂಸ್ಥೆಗಳಿಗಾಗಿ ಇದ್ದ ಅವರ ನಾನ್‌ಪ್ರಾಫಿಟ್ ಸಕ್ಸಸ್ ಪ್ಯಾಕ್‌ನ ಕೋಡ್ ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಅರ್ಹ ಸಂಸ್ಥೆಗಳಿಗೆ 10 ಲೈಸೆನ್ಸ್ ಉಚಿತವಾಗಿ ಕೊಡುತ್ತಾ ಬಂದಿದ್ದಾರೆ. ಆದರೆ ಅದರ ಕೆಳಗಿನ ವೇದಿಕೆ ಕಂಪನಿಯದ್ದು, ಅದನ್ನು ನಿಮ್ಮ ಸರ್ವರ್‌ಗೆ ಒಯ್ಯಲು ಆಗುವುದಿಲ್ಲ. ಕೋಡ್ ತೆರೆದಿದ್ದರೂ ನೆಲ ಅವರದ್ದೇ. ಹಾಗಂತ ಅಲ್ಲಿ ಮಾಹಿತಿ ಹೊರಗೆ ತರಲು ಎಪಿಐ ಇದೆ, ದಾಖಲೆ ಇದೆ. ಸಣ್ಣ ಟ್ರಸ್ಟ್‌ಗೆ ಅದು ದೊಡ್ಡ ಆನೆ ಎಂಬುದು ಬೇರೆ ಮಾತು.

ನಾನು ನೋಡುವುದು ಇಷ್ಟು. ಎಲ್ಲ ದಾಖಲೆಯೂ ಒಟ್ಟಿಗೆ ಹೊರಗೆ ಬರುತ್ತದೆಯಾ? ಯಾರನ್ನೂ ಕೇಳದೆ ಬರುತ್ತದೆಯಾ? ಸಂಬಂಧ ಕಡಿಯದೆ ಬರುತ್ತದೆಯಾ? ಈ ಮೂರನೆಯದನ್ನು ಜನ ಮರೆಯುತ್ತಾರೆ. ದಾನಿಗಳದ್ದು ಒಂದು ಫೈಲ್, ದೇಣಿಗೆಗಳದ್ದು ಇನ್ನೊಂದು ಫೈಲ್ ಕೊಟ್ಟು, ಎರಡರಲ್ಲೂ ಒಂದೇ ದಾನಿ ಸಂಖ್ಯೆ ಇಲ್ಲದಿದ್ದರೆ ಯಾರ ದುಡ್ಡು ಯಾರದ್ದು ಅಂತ ಹೇಳುವವರು ಯಾರು?

ಕಿತ್ತಳೆ ಕಾಲ · ಮೇ 7, ರಾತ್ರಿ 9:25

ಕೊನೆಯ ಮಾತು ಓದಿ 2018ರ ಆಗಸ್ಟ್ ನೆನಪಾಯಿತು. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದ ಮೇಲೆ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡಿದೆ. ದುಡ್ಡು, ಅಕ್ಕಿ, ಕಂಬಳಿ ಎಲ್ಲ ಕಡೆಯಿಂದ ಬಂತು. ನಮ್ಮ ಗುಂಪಿನಲ್ಲಿ ಮೂರು ಜನ ಮೂರು ಎಕ್ಸೆಲ್ ಇಟ್ಟಿದ್ದೆವು. ಒಬ್ಬರದ್ದು ಬ್ಯಾಂಕಿನದ್ದು, ಒಬ್ಬರದ್ದು ವಾಟ್ಸಾಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್‌ಗಳದ್ದು, ನನ್ನದು ಕೈಯಲ್ಲಿ ಕೊಟ್ಟವರದ್ದು.

ತಿಂಗಳಾದ ಮೇಲೆ ಒಟ್ಟು ಮಾಡಲು ಕೂತೆವು. ಒಬ್ಬರೇ ನಾಲ್ಕು ಹೆಸರಿನಲ್ಲಿದ್ದರು. ಮನೆ ಹೆಸರು ಮೊದಲು ಒಂದು ಕಡೆ, ಕೊನೆಗೆ ಒಂದು ಕಡೆ, ಬರೀ ಇನಿಷಿಯಲ್ ಒಂದು ಕಡೆ, ಮಗನ ಫೋನಿನಿಂದ ಕಳಿಸಿದ್ದರಿಂದ ಮಗನ ಹೆಸರು ಇನ್ನೊಂದು ಕಡೆ. ಒಂದು ರಸೀದಿ ಪುಸ್ತಕ ನೆನೆದು ಕಾರ್ಬನ್ ಹಾಳೆಯ ನೀಲಿ ಪೂರ್ತಿ ಹರಡಿತ್ತು. ದುಡ್ಡು ಸರಿಯಾಗಿ ಜನರಿಗೆ ಸೇರಿತು, ಅದರ ಲೆಕ್ಕ ಇದೆ. ಆದರೆ ಸುಮಾರು ಅರವತ್ತು ಜನರಿಗೆ ಒಂದು ಧನ್ಯವಾದದ ಪತ್ರವನ್ನೂ ಕಳಿಸಲು ಆಗಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಬಾಣೆ ಬದಿ · ಮೇ 7, ರಾತ್ರಿ 9:50

ಹೆಸರಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಈ ಸಾಫ್ಟ್‌ವೇರ್‌ಗಳಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಚೌಕ. ಕೊಡವರಲ್ಲಿ ಮನೆ ಹೆಸರು ಮೊದಲು ಬರುತ್ತದೆ. ಅದನ್ನು ಫಸ್ಟ್ ನೇಮ್‌ಗೆ ಹಾಕಿದರೆ ಪತ್ರ ಹೋಗುವಾಗ "ಪ್ರಿಯ" ಆದ ಮೇಲೆ ಬರೀ ಮನೆ ಹೆಸರು. ನನ್ನ ಅತ್ತೆಗೆ ಹೀಗೇ ಒಂದು ಪತ್ರ ಬಂತು. ಅವರ ಒಕ್ಕದ (ಮನೆತನದ) ನೂರಾರು ಜನರಲ್ಲಿ ಯಾರಿಗೆ ಬಂದ ಪತ್ರ ಅದು?

ಹಳೆ ಡಿಟಿಪಿ · ಮೇ 7, ರಾತ್ರಿ 10:05

ಅರೆಭಾಷೆ ಗೌಡರಲ್ಲೂ ಮನೆತನದ ಹೆಸರು ಮೊದಲು ಬರೆಯುವವರು ಇದ್ದಾರೆ. ಮೂರು ಚೌಕ ಬೇಕು. ಮನೆ ಹೆಸರು, ಹೆಸರು, ಪತ್ರದಲ್ಲಿ ಹೇಗೆ ಕರೆಯಬೇಕು ಎಂಬುದು. ನಾಲ್ಕನೆಯದಾಗಿ ಪ್ಯಾನ್‌ನಲ್ಲಿ ಇರುವಂತೆ ಹೆಸರು.

ಸಾಲುಮನೆ ಟೆಕ್ಕಿ · ಮೇ 7, ರಾತ್ರಿ 10:20

ಕೇಳಿದ ಚೌಕ ಸೇರಿಸಲು ಆಗಬೇಕು, ಅದು ಎಕ್ಸ್‌ಪೋರ್ಟ್‌ನಲ್ಲೂ ಬರಬೇಕು. ನಾವೇ ಸೇರಿಸಿದ ಕಾಲಂಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೊಡುವ ಸಾಫ್ಟ್‌ವೇರ್ ನೋಡಿದ್ದೇನೆ.

ಕಡಲಾಚೆ ಕೂರ್ಗಿ · ಮೇ 8, ಬೆಳಗಿನ ಜಾವ 3:15

ವಿದೇಶದಿಂದ ಬರೆಯುತ್ತಿದ್ದೇನೆ. ಒಂದು ಚೌಕ ಇನ್ನೂ ಬಿಟ್ಟಿದ್ದೀರಿ, ಪೌರತ್ವ. ನನ್ನದು ಭಾರತದ ಪಾಸ್‌ಪೋರ್ಟ್. ನನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ನನ್ನ ಅಣ್ಣ ಅಮೆರಿಕದ ಪೌರ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ. ಅವನು ಕಳಿಸಿದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾನೂನು) ಬರುತ್ತದೆ. 2020ರ ತಿದ್ದುಪಡಿಯ ಮೇಲೆ ಅಂಥ ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದೇ ಮನೆ, ಒಂದೇ ವಿಳಾಸ, ನಿಯಮ ಎರಡು. ಫಾರಂನಲ್ಲೇ ಕೇಳದಿದ್ದರೆ ಆಮೇಲೆ ಟ್ರಸ್ಟ್ ಸಿಕ್ಕಿಹಾಕಿಕೊಳ್ಳುತ್ತದೆ.

ಕಣದ ಕಾವಲು · ಮೇ 8, ಬೆಳಗ್ಗೆ 6:50

ಇದು ನನಗೆ ಗೊತ್ತೇ ಇರಲಿಲ್ಲ. ನಮಗೆ ಎಫ್‌ಸಿಆರ್‌ಎ ನೋಂದಣಿ ಇಲ್ಲ. ದುಬೈಯಿಂದ ಕಳಿಸುವ ಇಬ್ಬರು ಇದ್ದಾರೆ. ಇವತ್ತೇ ಕೇಳುತ್ತೇನೆ.

ಹಾರಂಗಿ ದಂಡೆ · ಮೇ 8, ಬೆಳಗ್ಗೆ 9:30

ಇಆರ್‌ಪಿನೆಕ್ಸ್ಟ್ ಎಂಬ ಸಾಫ್ಟ್‌ವೇರ್ ಬಗ್ಗೆ ಯಾರೂ ಹೇಳಲಿಲ್ಲ. ಮುಂಬೈಯ ಫ್ರಾಪೆ ಕಂಪನಿಯದ್ದು, ಓಪನ್ ಸೋರ್ಸ್. ಲೆಕ್ಕವೂ ಅದರಲ್ಲೇ ಇರುವುದರಿಂದ ಟ್ಯಾಲಿಗೆ ಮತ್ತೆ ಟೈಪ್ ಮಾಡುವ ಕೆಲಸವಿಲ್ಲ. 13ನೇ ಆವೃತ್ತಿಯಲ್ಲಿ 80ಜಿ ಪ್ರಮಾಣಪತ್ರದ ನಮೂನೆಯೇ ಇತ್ತು. ಆಮೇಲೆ ಸಂಸ್ಥೆಗಳ ಭಾಗವನ್ನು ಬೇರೆ ಆ್ಯಪ್ ಮಾಡಿದರು.

ತೆರಿಗೆ ಅಕ್ಕ · ಮೇ 8, ಬೆಳಗ್ಗೆ 9:55

ಬೇಡ, ದಯವಿಟ್ಟು. ಇವರ ಆಡಿಟರ್ ಟ್ಯಾಲಿಯಲ್ಲಿ ಕೇಳುತ್ತಾರೆ. ಮೇ ತಿಂಗಳಲ್ಲಿ ಲೆಕ್ಕದ ವ್ಯವಸ್ಥೆಯನ್ನೇ ಬದಲಿಸಲು ಹೇಳುವುದು ಸರಿಯಲ್ಲ.

ಸಾಲುಮನೆ ಟೆಕ್ಕಿ · ಮೇ 8, ಬೆಳಗ್ಗೆ 10:30

ಟ್ಯಾಲಿ ಇರಲಿ. ಟ್ಯಾಲಿಗೂ ಹೊರಗಿನಿಂದ ಮಾಹಿತಿ ಹೋಗುತ್ತದೆ. ಎಕ್ಸ್‌ಎಂಎಲ್ ಎಂಬ ಬಗೆಯ ಫೈಲ್ ತೆಗೆದುಕೊಳ್ಳುತ್ತದೆ, ಹೊಸ ಆವೃತ್ತಿಗಳಲ್ಲಿ ಎಕ್ಸೆಲ್ ಕೂಡ. ತಿಂಗಳಿಗೊಮ್ಮೆ ದೇಣಿಗೆಗಳ ಫೈಲ್ ಮಾಡಿ ಒಳಗೆ ಬಿಟ್ಟರೆ ಟ್ಯಾಲಿಯಲ್ಲಿ ಮತ್ತೆ ಟೈಪ್ ಮಾಡುವುದು ತಪ್ಪಿತು.

ಸ್ಟೇಟ್‌ಮೆಂಟ್ ನೋಡಿ ಟೈಪ್ ಮಾಡುವುದನ್ನು ತಪ್ಪಿಸಲು ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ಸೇವೆ) ಬಳಸಿ. ದಾನಿ ದುಡ್ಡು ಕಟ್ಟಿದ ಕ್ಷಣ ಅದು ನಿಮ್ಮ ಸಾಫ್ಟ್‌ವೇರ್‌ಗೆ ವೆಬ್‌ಹುಕ್ ಮೂಲಕ ತಾನಾಗಿಯೇ ಸುದ್ದಿ ಕಳಿಸುತ್ತದೆ. ಒಂದು ಎಚ್ಚರ ಇರಲಿ. ಈ ಸುದ್ದಿ ಕೆಲವೊಮ್ಮೆ ಎರಡು ಸಲ ಬರುತ್ತದೆ. ಉತ್ತರ ಸಿಗದಿದ್ದರೆ ಅದು ಮತ್ತೆ ಕಳಿಸುತ್ತದೆ, ಹಾಗೇ ಮಾಡಿರುತ್ತಾರೆ. ಗೊತ್ತಿಲ್ಲದೆ ನಾನು ಒಂದು ಸಂಸ್ಥೆಗೆ ಬರೆದುಕೊಟ್ಟ ಪ್ರೋಗ್ರಾಂ ಒಬ್ಬ ದಾನಿಗೆ ಒಂದೇ ದೇಣಿಗೆಗೆ ಎರಡು ರಸೀದಿ ಕಳಿಸಿತ್ತು. ಪಾವತಿಯ ಸಂಖ್ಯೆ ಮೊದಲೇ ಇದ್ದರೆ ಮತ್ತೆ ಬರೆಯಬಾರದು ಎಂಬ ಒಂದು ಸಾಲು ಬೇಕೇ ಬೇಕು.

ಕ್ಯೂಆರ್ ಕೋಡ್‌ಗೆ ನೇರವಾಗಿ ಬಂದ ಯುಪಿಐ ದುಡ್ಡಿಗೆ ಬ್ಯಾಂಕ್ ಸ್ಟೇಟ್‌ಮೆಂಟೇ ಗತಿ. ಅಲ್ಲಿ ಹೆಸರು ಅರ್ಧಕ್ಕೆ ಕತ್ತರಿಸಿರುತ್ತದೆ. ಹನ್ನೆರಡು ಅಂಕಿಯ ಯುಟಿಆರ್ (ವಹಿವಾಟಿನ ಸಂಖ್ಯೆ) ಹಿಡಿದು ಹೊಂದಿಸಿ. ಅಕ್ಕ ಹೇಳಿದ ಎಕ್ಸೆಲ್ ಕಾಟ ಇದಕ್ಕೂ ಇದೆ.

ಕಿತ್ತಳೆ ಕಾಲ · ಮೇ 8, ಮಧ್ಯಾಹ್ನ 12:10

ಹಳೆ ಖಾತೆ ಮುಚ್ಚುವಾಗ ನಿಮ್ಮ ಮಾಹಿತಿ ಅಳಿಸಿದ್ದೇವೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಅಮೆರಿಕದ ಬ್ಲ್ಯಾಕ್‌ಬಾಡ್ ಎಂಬ ದೊಡ್ಡ ಕಂಪನಿಯ ಡೇಟಾ 2020ರಲ್ಲಿ ಕಳುವಾಯಿತು. ಕಂಪನಿ ದುಡ್ಡನ್ನೂ ಕೊಟ್ಟಿತು. ಬೇಡದ ಮಾಹಿತಿಯನ್ನು, ಬಿಟ್ಟುಹೋದ ಗ್ರಾಹಕರದ್ದನ್ನೂ ಸೇರಿಸಿ, ವರ್ಷಗಟ್ಟಲೆ ಇಟ್ಟುಕೊಂಡಿತ್ತು ಅಂತ 2024ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದೂರಿತು. ನಿಮ್ಮ ಪಟ್ಟಿಯಲ್ಲಿ ಆಧಾರ್ ಸಂಖ್ಯೆಗಳಿವೆ. ನಂಬಿ ಕೊಟ್ಟವರು ಅವರು.

ಗೋಣಿಕೊಪ್ಪದ ಗೆಳೆಯ · ಮೇ 8, ಮಧ್ಯಾಹ್ನ 12:40

ಇದು ಸರಿ. ನಮ್ಮ ಕ್ಲಬ್‌ನಲ್ಲಿ ಆಧಾರ್ ಫೋಟೋ ವಾಟ್ಸಾಪ್ ಗುಂಪಿಗೇ ಹಾಕಿಸುತ್ತಾರೆ. ನಾಳೆ ಮೀಟಿಂಗ್‌ನಲ್ಲಿ ನಿಲ್ಲಿಸಲು ಹೇಳುತ್ತೇನೆ.

ಕಣದ ಕಾವಲು · ಮೇ 17, ರಾತ್ರಿ 11:20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಾಲ್ಕು ದಿನ ಗಾಳಿ ಮಳೆ, ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಕರೆಂಟ್ ಇರಲಿಲ್ಲ.

ಸಾಲುಮನೆ ಟೆಕ್ಕಿ ಅವರು ಫೋನಿನಲ್ಲೇ ಹೇಳಿಕೊಟ್ಟರು. ಪಿಡಿಎಫ್‌ನಿಂದ ಇಂಗ್ಲಿಷ್ ಭಾಗ ಪೂರ್ತಿ ಹೊರಗೆ ಬಂತು. 412ರಲ್ಲಿ 9 ಪುಟದಲ್ಲಿ ವಿಳಾಸ ಎರಡು ಸಾಲಿಗೆ ಹೋಗಿ ಕಾಲಂ ತಪ್ಪಿತ್ತು, ಕೈಯಿಂದ ತಿದ್ದಿದೆ. ಒಟ್ಟು ಮೊತ್ತ ಟ್ಯಾಲಿಗೆ ಹೋಲಿಸಿದಾಗ 1,500 ರೂಪಾಯಿ ವ್ಯತ್ಯಾಸ. ಎರಡು ಗಂಟೆ ಹುಡುಕಿದೆ. ಒಂದೇ ದೇಣಿಗೆ ತಾಯಿ ಹೆಸರಲ್ಲೂ ಮಗಳ ಹೆಸರಲ್ಲೂ ಇತ್ತು. ನಿನ್ನೆ 10ಬಿಡಿ ಹೋಯಿತು.

ಕನ್ನಡ ಹೆಸರುಗಳನ್ನು ನಮ್ಮ ಟೀಚರ್ ಇಬ್ಬರು ಮತ್ತು ಹತ್ತನೇ ಕ್ಲಾಸಿನ ಮೂವರು ಮಕ್ಕಳು ಕೂತು ಹೊಸದಾಗಿ ಟೈಪ್ ಮಾಡುತ್ತಿದ್ದಾರೆ. ಮಕ್ಕಳೇ ಒಂದೊಂದು ಹೆಸರನ್ನು ಗಟ್ಟಿಯಾಗಿ ಓದಿ ಸರಿ ನೋಡುತ್ತಾರೆ. 260 ಆಗಿದೆ.

ಹೊಸದು ಇನ್ನೂ ಆರಿಸಿಲ್ಲ. ಸದ್ಯಕ್ಕೆ ಒಂದು ಶೀಟ್, ಪ್ರತಿ ದಾನಿಗೆ ಒಂದು ಸಂಖ್ಯೆ, ಹಳೆ ಡಿಟಿಪಿ ಅವರು ಹೇಳಿದ ನಾಲ್ಕು ಚೌಕ, ಜೊತೆಗೆ ಪೌರತ್ವ. ಮಳೆಗಾಲ ಕಳೆದ ಮೇಲೆ ಸಿವಿಸಿಆರ್‌ಎಂ ನೋಡುತ್ತೇವೆ. ಪಾಸ್‌ವರ್ಡ್ ಮೂವರು ಟ್ರಸ್ಟಿಗಳ ಹತ್ತಿರ ಇರಬೇಕು ಅಂತ ಮೊದಲೇ ಬರೆದಿಟ್ಟಿದ್ದೇವೆ. ಯಾರು ತೋರಿಸಲು ಬಂದರೂ ಮೊದಲು ನಮ್ಮ ಹತ್ತು ದಾನಿಗಳನ್ನು ಒಳಗೆ ಹಾಕಿಸಿ, ನಮ್ಮ ಕಣ್ಣೆದುರು ಹೊರಗೆ ತೆಗೆಸುತ್ತೇವೆ.

ದುಬೈಯ ಇಬ್ಬರದ್ದೂ ಭಾರತದ ಪಾಸ್‌ಪೋರ್ಟೇ.

ಹಳೆ ಡಿಟಿಪಿ · ಮೇ 18, ಬೆಳಗ್ಗೆ 6:15

ಉಳಿದ 152 ನನಗೆ ಕಳಿಸಿ, ಇವತ್ತು ಬಿಡುವಿದೆ. ಆಧಾರ್ ಕಾಲಂ ತೆಗೆದು ಕಳಿಸಿ.

ಕಣದ ಕಾವಲು · ಮೇ 18, ಬೆಳಗ್ಗೆ 6:40

ಕಳಿಸಿದೆ. ಯೂನಿಕೋಡ್, ಯುಟಿಎಫ್-8. ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯಬೇಡಿ, ಅಕ್ಷರ ಕೆಡುತ್ತದೆ. ಇಂಪೋರ್ಟ್‌ನಿಂದ ತೆರೆಯಿರಿ.

ಹಳೆ ಡಿಟಿಪಿ · ಮೇ 18, ಬೆಳಗ್ಗೆ 6:52

ಬಂತು. 37ನೇ ಸಾಲಿನ ಮನೆ ಹೆಸರಿನ ಕೊನೆಗೆ "ಂಡ" ಬಿಟ್ಟುಹೋಗಿದೆ. ಒಮ್ಮೆ ಅವರನ್ನೇ ಕೇಳಿಬಿಡಿ.